ಎಲ್ ಸಾಲ್ವಡಾರ್: ಒಂದು ಕಾಫಿ ನಾಡಿನ ನೆಲ ಮತ್ತು ಜನ



ಚಿಕ್ಕಮಗಳೂರು, ಹಾಸನ, ಕೊಡಗು ಈ ಮೂರು ಜಿಲ್ಲೆಗಳನ್ನು ಒಟ್ಟು ಸೇರಿಸಿ, ಅದಕ್ಕೆ ಇನ್ನೆರಡು ಮೂರು ತಾಲ್ಲೂಕುಗಳನ್ನು ಕೂಡಿಸಿದರೆ ಎಷ್ಟು ನೆಲವಾದೀತೋ ಅಷ್ಟೇ ನೆಲವಿರುವ ಒಂದು ಸ್ವತಂತ್ರ ದೇಶ ಮಧ್ಯ ಅಮೆರಿಕದಲ್ಲಿದೆ. ಅದೇ ಎಲ್ ಸಾಲ್ವಡಾರ್. ವಿಸ್ತೀರ್ಣ ಸುಮಾರು 21,000 ಚದರ ಕಿಲೋಮೀಟರ್. ನಮ್ಮ ಮೂರು ಜಿಲ್ಲೆಗಳಲ್ಲಿ 2011ರ ಜನಗಣತಿಯಂತೆ ಸುಮಾರು 35 ಲಕ್ಷ ಜನರಿದ್ದರು. ಅಲ್ಲಿ 2024ರ ಜನಗಣತಿಯಂತೆ 60 ಲಕ್ಷ ಜನರಿದ್ದಾರೆ. ಅಮೆರಿಕ ಖಂಡದ ಮುಖ್ಯಭೂಮಿಯಲ್ಲಿ ಇಷ್ಟು ಒತ್ತೊತ್ತಾಗಿ ಜನ ಬಾಳುವ ದೇಶ ಇನ್ನೊಂದಿಲ್ಲ.

ಮಧ್ಯ ಅಮೆರಿಕದ ವಿಷಯ ನಮ್ಮಲ್ಲಿ ಮಾತಿಗೆ ಬರುವುದು ದರ ಏರಿಳಿದಾಗ ಮಾತ್ರ. ಅಲ್ಲಿ ರೋಗ ಬಿದ್ದರೆ ಇಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕೀತು ಎಂಬ ಲೆಕ್ಕಾಚಾರ ನಮ್ಮದು. ಅದು ತಪ್ಪೆಂದು ನಾನು ಹೇಳಲಾರೆ, ನಾನೂ ಹಾಗೆಯೇ ಲೆಕ್ಕ ಹಾಕುವವನು. ಆದರೆ ಕಾಫಿ ಎಂಬ ಒಂದೇ ಬೆಳೆ ಒಂದು ದೇಶದಲ್ಲಿ ನೆಲ ಯಾರದು, ಜನ ಯಾರು, ಊರು ಬಿಟ್ಟವರು ಯಾರು ಎಂಬುದನ್ನೆಲ್ಲ ಹೇಗೆ ತೀರ್ಮಾನಿಸಿತು ಎಂಬುದಕ್ಕೆ ಈ ದೇಶದಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಆದ್ದರಿಂದ ಈ ಪಾಠ.

ಮೊದಲು ನಾಡಿನ ಲಕ್ಷಣ. ಪಶ್ಚಿಮಕ್ಕೆ ಗ್ವಾಟೆಮಾಲ, ಉತ್ತರ ಮತ್ತು ಪೂರ್ವಕ್ಕೆ ಹೊಂಡುರಾಸ್, ದಕ್ಷಿಣಕ್ಕೆ ಶಾಂತ ಸಾಗರ. ಕರಾವಳಿಗೆ ಸಮಾನಾಂತರವಾಗಿ ಜ್ವಾಲಾಮುಖಿ ಪರ್ವತಗಳ ಸಾಲು ಹಬ್ಬಿದೆ. ಇಸಾಲ್ಕೊ ಎಂಬ ಪರ್ವತ 1770ರಿಂದ 1958ರವರೆಗೆ ಹೆಚ್ಚುಕಡಿಮೆ ಎಡೆಬಿಡದೆ ಉರಿಯುತ್ತಿತ್ತು. ಕಡಲಿನಲ್ಲಿ ಹೋಗುವ ನಾವಿಕರು ಅದನ್ನು ಶಾಂತ ಸಾಗರದ ದೀಪಸ್ತಂಭವೆಂದೇ ಕರೆಯುತ್ತಿದ್ದರು. ಈ ಪರ್ವತಗಳ ಬೂದಿ ಬಿದ್ದು ಆದ ಮಣ್ಣು ಬಹಳ ಫಲವತ್ತಾದದ್ದು. ಕಾಫಿ ಇರುವುದು ಆ ಇಳಿಜಾರುಗಳಲ್ಲಿ, ಬಹುಪಾಲು ದೇಶದ ಪಶ್ಚಿಮದ ಸಾಂತಾ ಆನಾ, ಸೊನ್ಸೊನಾತೆ, ಆವಾಚಪಾನ್ ಪ್ರಾಂತಗಳಲ್ಲಿ. ನಮ್ಮಂತೆಯೇ ನೆರಳಿನಲ್ಲಿ ಬೆಳೆಯುವ ಅರೇಬಿಕಾ. ಕೊಯ್ಲೂ ಹೆಚ್ಚುಕಡಿಮೆ ನಮ್ಮ ಕಾಲದ್ದೇ.

ಸ್ಪ್ಯಾನಿಷರು 1524ರಲ್ಲಿ ಪೆದ್ರೊ ದೆ ಆಲ್ವರಾದೊ ಎಂಬ ದಂಡನಾಯಕನ ಕೈಕೆಳಗೆ ಬಂದಾಗ ಅಲ್ಲಿ ಪಿಪಿಲ್ ಎಂಬ ಜನ ಪ್ರಬಲರಾಗಿದ್ದರು. ಅವರ ನಾಡಿನ ಹೆಸರು ಕುಸ್ಕಾತ್ಲಾನ್, ಭಾಷೆ ನಾವಾತ್. ಪೂರ್ವ ಭಾಗದಲ್ಲಿ ಲೆಂಕಾ ಜನರಿದ್ದರು. ಸ್ಪ್ಯಾನಿಷರು ಮೊದಲು ಕಣ್ಣು ಹಾಕಿದ್ದು ಇಸಾಲ್ಕೊ ಸೀಮೆಯ ಕೋಕೋ ಮೇಲೆ. ಅದಾದ ಬಳಿಕ ನೀಲಿ ಗಿಡ. ಬಟ್ಟೆಗೆ ಬಣ್ಣ ಕೊಡುವ ನೀಲಿಯೇ ಮುಂದೆ ಸುಮಾರು ಇನ್ನೂರೈವತ್ತು ವರ್ಷ ಆ ನಾಡಿನ ಮುಖ್ಯ ವ್ಯಾಪಾರವಾಯಿತು. ಸೊಪ್ಪನ್ನು ತೊಟ್ಟಿಯಲ್ಲಿ ಕೊಳೆಹಾಕಿ ತುಳಿಯುವ ಆ ಕೆಲಸ ಆರೋಗ್ಯಕ್ಕೆ ಎಷ್ಟು ಕೆಟ್ಟದ್ದಾಗಿತ್ತೆಂದರೆ, ಇಂಡಿಯನ್ನರನ್ನು ಅದಕ್ಕೆ ಹಚ್ಚಬಾರದೆಂದು ಸ್ಪೇನಿನ ದೊರೆಯೇ ಆಜ್ಞೆ ಮಾಡಬೇಕಾಯಿತು. ಆಜ್ಞೆ ಕಾಗದದಲ್ಲಿ ಉಳಿಯಿತು. ರೋಗ ಮತ್ತು ದುಡಿತದಿಂದ ಮೂಲ ಜನರ ಸಂಖ್ಯೆ ಕುಸಿಯಿತು. ಮಿಶ್ರ ರಕ್ತದ ಲದೀನೊ ಎಂಬ ಜನವರ್ಗ ಬೆಳೆಯಿತು.

ಸ್ಪೇನಿನಿಂದ ಬಿಡುಗಡೆ ದೊರೆತದ್ದು 1821ರ ಸೆಪ್ಟೆಂಬರ್ 15ರಂದು. ಕೆಲವು ಕಾಲ ಮಧ್ಯ ಅಮೆರಿಕದ ಒಕ್ಕೂಟದಲ್ಲಿದ್ದು, ಅದು ಮುರಿದ ಬಳಿಕ 1841ರಲ್ಲಿ ಎಲ್ ಸಾಲ್ವಡಾರ್ ಬೇರೆ ದೇಶವಾಯಿತು. ನಡುವೆ 1833ರಲ್ಲಿ ಆನಸ್ತಾಸಿಯೊ ಆಕಿನೊ ಎಂಬ ನೀಲಿ ತೋಟದ ಕೆಲಸಗಾರ ನೊನುವಾಲ್ಕೊ ಜನರನ್ನು ಕಟ್ಟಿಕೊಂಡು ದಂಗೆ ಎದ್ದು, ಅದೇ ವರ್ಷ ಕೊಲ್ಲಲ್ಪಟ್ಟ. ಆಳುವವರು ಬದಲಾದರೇ ಹೊರತು ದುಡಿಯುವವರ ಸ್ಥಿತಿಯಲ್ಲ.

ಈಗ ಕಾಫಿಯ ವಿಷಯಕ್ಕೆ ಬರೋಣ. ಬಂಗಾಳದ ನೀಲಿಯ ಪೈಪೋಟಿಯಿಂದ ಅಲ್ಲಿನ ನೀಲಿಗೆ ಮೊದಲೇ ಏಟು ಬಿದ್ದಿತ್ತು. ಕೊನೆಗೆ 1897ರಲ್ಲಿ ಜರ್ಮನಿಯ ರಾಸಾಯನಿಕ ನೀಲಿ ಪೇಟೆಗೆ ಬಂದು ಎಲ್ಲರ ನೀಲಿಯನ್ನೂ ಮುಗಿಸಿತು. ಹೆರಾರ್ದೊ ಬಾರಿಯೋಸ್ ಮೊದಲಾದ ಅಧ್ಯಕ್ಷರು ಅಷ್ಟರೊಳಗೆ ಕಾಫಿಗೆ ಪ್ರೋತ್ಸಾಹ ಕೊಟ್ಟಿದ್ದರು. 1880ರ ಸುಮಾರಿಗೆ ರಫ್ತಿನಲ್ಲಿ ಕಾಫಿ ನೀಲಿಯನ್ನು ಹಿಂದೆ ಹಾಕಿತು. ಆದರೆ ಒಂದು ತೊಡಕಿತ್ತು. ಕಾಫಿಗೆ ಹೇಳಿಮಾಡಿಸಿದ ಆ ಎತ್ತರದ ಇಳಿಜಾರುಗಳಲ್ಲಿ ಬಹಳಷ್ಟು ನೆಲ ಹಳ್ಳಿಗಳ ಸಾಮೂಹಿಕ ಸ್ವತ್ತಾಗಿತ್ತು.

ಇದನ್ನು ನಮ್ಮ ಸದಸ್ಯರಿಗೆ ವಿವರಿಸುವುದು ಸುಲಭ. ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟ ಗೊತ್ತು, ಬಯಲಿನವರಿಗೆ ಗೋಮಾಳ ಗೊತ್ತು. ಅಂಥ ನೆಲದಲ್ಲಿ ಜೋಳ, ಹುರುಳಿಕಾಯಿ ಬೀಜ ಬೆಳೆದುಕೊಂಡು, ಸೌದೆ ತಂದುಕೊಂಡು, ದನ ಮೇಯಿಸಿಕೊಂಡು ಜನ ಬದುಕಿದ್ದರು. ಇಂಡಿಯನ್ ಸಮುದಾಯದ ನೆಲ ಒಂದು ಬಗೆ, ಊರಿನ ಪುರಸಭೆಯ ಸುಪರ್ದಿನಲ್ಲಿದ್ದ ಏಹಿದೊ ಎಂಬ ನೆಲ ಇನ್ನೊಂದು ಬಗೆ. ಎರಡೂ ಸೇರಿ ದೇಶದ ಕಾಲು ಭಾಗಕ್ಕೂ ಮಿಕ್ಕಿತ್ತೆಂದು ಅಂದಾಜು. ರಫಾಯೆಲ್ ಸಲ್ದೀವಾರ್ ಅಧ್ಯಕ್ಷನಾಗಿದ್ದಾಗ 1881ರಲ್ಲಿ ಮೊದಲನೆಯದನ್ನೂ 1882ರಲ್ಲಿ ಎರಡನೆಯದನ್ನೂ ಕಾನೂನಿನಿಂದ ರದ್ದು ಮಾಡಲಾಯಿತು. ಸಾಮೂಹಿಕ ಹಕ್ಕು ಕೃಷಿಯ ಪ್ರಗತಿಗೆ ಅಡ್ಡಿ ಎಂಬುದು ಕೊಟ್ಟ ಕಾರಣ.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಬೇಕು. ಒಂದೇ ಏಟಿಗೆ ನೆಲವನ್ನೆಲ್ಲ ಕಿತ್ತುಕೊಂಡು ಧನಿಕರಿಗೆ ಕೊಟ್ಟರೆಂದು ಬಹುಕಾಲ ಬರೆಯುತ್ತಿದ್ದರು. ನಡೆದದ್ದು ಅಷ್ಟು ಸರಳವಲ್ಲ. ಇತಿಹಾಸಕಾರ ಆಲ್ದೊ ಲಾರಿಯಾ-ಸಾಂತಿಯಾಗೊ ಹಳೆಯ ದಸ್ತಾವೇಜುಗಳನ್ನು ತೆಗೆದು ನೋಡಿ 1999ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಆ ಕಾನೂನಿನಡಿ ಸಾವಿರಾರು ಮಂದಿ ಸಣ್ಣ ರೈತರು, ಇಂಡಿಯನ್ನರು ಸಹ, ತಾವು ಉಳುತ್ತಿದ್ದ ತುಂಡಿಗೆ ಹಕ್ಕುಪತ್ರ ಪಡೆದರು. ಕೆಲವರು ಕಾಫಿಯನ್ನೂ ಹಾಕಿದರು. ನೆಲ ಕೈಬಿಟ್ಟದ್ದು ಆಮೇಲೆ. ಹಕ್ಕುಪತ್ರಕ್ಕೆ ಅವಧಿ ಇತ್ತು, ಶುಲ್ಕವಿತ್ತು. ಓದು ಬಾರದವನಿಗೆ ಎರಡೂ ಕಷ್ಟವೇ. ಅಪ್ಪ ಪಡೆದ ತುಂಡು ಮಕ್ಕಳಲ್ಲಿ ನಾಲ್ಕಾಯಿತು. ಕಾಫಿ ಗಿಡ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು, ಅಲ್ಲಿಯವರೆಗೆ ಸಾಲವಲ್ಲದೆ ಬೇರೆ ದಾರಿ ಇರಲಿಲ್ಲ. ದರ ಕುಸಿದ ಪ್ರತಿಸಲವೂ ಒಂದಿಷ್ಟು ತುಂಡುಗಳು ಸಾಲ ಕೊಟ್ಟವನ ಹೆಸರಿಗೆ ದಾಖಲಾದವು. ಕತ್ತಿ ಹಿರಿದು ಕಿತ್ತುಕೊಳ್ಳುವುದಕ್ಕಿಂತ ಇದು ನಿಧಾನದ ದಾರಿ, ಆದರೆ ಪಕ್ಕಾ ದಾರಿ.

ಸಾಲ ಕೊಡುವವನು ಯಾರು ಎಂದರೆ ಸಾಮಾನ್ಯವಾಗಿ ಬೆನೆಫಿಸಿಯೊ ಎಂಬ ಕಾರ್ಖಾನೆಯ ಒಡೆಯ. ನಮ್ಮ ಪಲ್ಪಿಂಗ್ ಮನೆ ಮತ್ತು ಕ್ಯೂರಿಂಗ್ ವರ್ಕ್ಸ್ ಎರಡೂ ಒಂದೇ ಕಡೆ ಇದ್ದರೆ ಹೇಗೋ ಹಾಗೆ. ಅಲ್ಲಿನ ಸಣ್ಣ ಬೆಳೆಗಾರನಿಗೆ ಸ್ವಂತ ಪಲ್ಪರ್ ಇಲ್ಲ, ಕಣವೂ ಇಲ್ಲ. ಕೊಯ್ದ ಹಣ್ಣನ್ನು ಅಂದೇ ಕಾರ್ಖಾನೆಗೆ ಮುಟ್ಟಿಸಬೇಕು, ಇಲ್ಲವಾದರೆ ಹುಳಿಯುತ್ತದೆ. ಹಣ್ಣು ಹೊತ್ತು ನಿಂತವನು ಚೌಕಾಸಿ ಮಾಡುವಂತಿಲ್ಲ. ನಮ್ಮಲ್ಲಿ ಎರಡು ಎಕರೆಯವನೂ ತನ್ನ ಕಣದಲ್ಲಿ ಚೆರ್ರಿ ಒಣಗಿಸಿ, ಚೀಲ ಕಟ್ಟಿ, ದರ ನೋಡಿ ಕೊಡಲು ತಿಂಗಳೆರಡು ತಿಂಗಳು ಕಾಯಬಲ್ಲ. ಈ ಒಂದು ವ್ಯತ್ಯಾಸವನ್ನು ನಾವು ಎಣಿಸುವುದೇ ಇಲ್ಲ.

ಹೀಗೆ ಇಪ್ಪತ್ತನೆಯ ಶತಮಾನ ಕಾಲಿಟ್ಟಾಗ ದೇಶ ಕೆಲವೇ ಮನೆತನಗಳ ಕೈಯಲ್ಲಿತ್ತು. ಹದಿನಾಲ್ಕು ಮನೆತನಗಳು ಎಂಬುದು ಅಲ್ಲಿನ ಮಾತು. ಲೆಕ್ಕ ಹಾಕಿದರೆ ಅದಕ್ಕಿಂತ ಹೆಚ್ಚೇ ಇದ್ದವು. ಮೆಲೆಂದೆಸ್ ಮತ್ತು ಕಿನ್ಯೋನೆಸ್ ಎಂಬ ನಂಟಸ್ತನದ ಎರಡು ಮನೆಗಳವರೇ 1913ರಿಂದ 1927ರವರೆಗೆ ಅಧ್ಯಕ್ಷ ಪದವಿಯಲ್ಲಿ ಕೂತರು. ಹೊರಗಿನಿಂದ ಬಂದು ಬೆಳೆದವರೂ ಇದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ 1889ರಲ್ಲಿ ಬಂದ ಜೇಮ್ಸ್ ಹಿಲ್ ಎಂಬ ಯುವಕ ಸಾಂತಾ ಆನಾ ಸೀಮೆಯ ದೊಡ್ಡ ತೋಟಗಾರನಾದ. ಅವನ ತೋಟದಲ್ಲಿ ಕೂಲಿಯ ಒಂದು ಭಾಗವನ್ನು ರೊಟ್ಟಿ ಮತ್ತು ಬೇಯಿಸಿದ ಬೀಜದ ರೂಪದಲ್ಲಿ ಕೊಡುತ್ತಿದ್ದರು. ಜೋಳ ಬೆಳೆಯುತ್ತಿದ್ದ ನೆಲವೆಲ್ಲ ಕಾಫಿಯಾದ ಮೇಲೆ ಆ ಊಟಕ್ಕಾಗಿಯೇ ಜನ ಕೆಲಸಕ್ಕೆ ಬಂದರು. 1912ರಲ್ಲಿ ಹಳ್ಳಿಗಾಡನ್ನು ಹದ್ದಿನಲ್ಲಿಡಲು ನ್ಯಾಷನಲ್ ಗಾರ್ಡ್ ಎಂಬ ಸಶಸ್ತ್ರ ಪೊಲೀಸ್ ಪಡೆ ಕಟ್ಟಿದರು. 1920ರ ದಶಕದ ಕೊನೆಗೆ ದೇಶದ ರಫ್ತಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕಾಫಿಯೇ.

ಅಷ್ಟರಲ್ಲಿ 1929ರ ಕುಸಿತ ಬಂತು. ದರ ಬಿದ್ದಿತು, ಕೆಲವು ತೋಟಗಳಲ್ಲಿ ಹಣ್ಣು ಕೊಯ್ಯದೆ ಬಿಟ್ಟರು, ಕೂಲಿ ಕಡಿದರು. ಆಗ ದೇಶದ ಜನಸಂಖ್ಯೆ ಸುಮಾರು 14 ಲಕ್ಷ. 1931ರಲ್ಲಿ ಚುನಾಯಿತನಾದ ಆರ್ತೂರೊ ಆರಾಉಹೊ ಎಂಬ ಅಧ್ಯಕ್ಷನನ್ನು ಅದೇ ವರ್ಷ ಡಿಸೆಂಬರಿನಲ್ಲಿ ಸೈನ್ಯ ಕೆಳಗಿಳಿಸಿತು. ಜನರಲ್ ಮಾರ್ತಿನೆಸ್ ಅಧಿಕಾರ ಹಿಡಿದ. ಮರುತಿಂಗಳು, 1932ರ ಜನವರಿ 22ರ ರಾತ್ರಿ, ಪಶ್ಚಿಮದ ಕಾಫಿ ಸೀಮೆಯ ಹುವಾಯೂವಾ, ಇಸಾಲ್ಕೊ, ನಾವಿಸಾಲ್ಕೊ ಮೊದಲಾದ ಊರುಗಳಲ್ಲಿ ಮಚ್ಚು ಹಿಡಿದ ರೈತರು ದಂಗೆ ಎದ್ದರು. ಕಮ್ಯೂನಿಸ್ಟ್ ಮುಖಂಡ ಫರಾಬುಂದೊ ಮಾರ್ತಿಯನ್ನು ಅದಕ್ಕೆ ಮೊದಲೇ ಹಿಡಿದಿದ್ದರು, ಫೆಬ್ರವರಿ 1ರಂದು ಗುಂಡಿಟ್ಟು ಕೊಂದರು. ಇಸಾಲ್ಕೊದ ಇಂಡಿಯನ್ ಹಿರಿಯ ಫೆಲಿಸಿಯಾನೊ ಆಮಾನನ್ನು ಊರ ನಡುವೆ ನೇಣಿಗೆ ಹಾಕಿದರು. ದಂಗೆಕೋರರು ಕೊಂದದ್ದು ಹೆಚ್ಚೆಂದರೆ ನೂರರ ಸುಮಾರು ಮಂದಿಯನ್ನು. ಕೆಲವು ದಿನಗಳಲ್ಲಿ ದಂಗೆ ಅಡಗಿದ ಮೇಲೆ ಸೈನ್ಯ ಕೊಂದದ್ದು ಹತ್ತು ಸಾವಿರದಿಂದ ಮೂವತ್ತು ಸಾವಿರ ಮಂದಿಯನ್ನು ಎಂದು ಬೇರೆ ಬೇರೆ ಅಂದಾಜುಗಳಿವೆ. ಇಂಡಿಯನ್ ಉಡುಪು ಕಂಡರೆ ಸಾಕಿತ್ತು.

ಜನಸಂಖ್ಯೆಯ ಪಟ್ಟಿಯನ್ನು ಓದುವವರು ಇಲ್ಲಿ ನಿಲ್ಲಬೇಕು. ಬದುಕಿ ಉಳಿದವರು ಉಡುಪು ಬದಲಿಸಿದರು, ಮಕ್ಕಳೊಡನೆ ನಾವಾತ್ ಆಡುವುದನ್ನು ಬಿಟ್ಟರು. 2007ರ ಜನಗಣತಿಯಲ್ಲಿ ತಾವು ಮೂಲ ಜನರೆಂದು ಬರೆಸಿದವರು ನೂರಕ್ಕೆ ಅರ್ಧ ಪಾಲೂ ಇರಲಿಲ್ಲ. ನೂರಕ್ಕೆ 86 ಮಂದಿ ಮಿಶ್ರ ಜನವೆಂದೂ ಸುಮಾರು 13 ಮಂದಿ ಬಿಳಿಯರೆಂದೂ ಬರೆಸಿದರು. ಪಕ್ಕದ ಗ್ವಾಟೆಮಾಲದಲ್ಲಿ 2018ರ ಗಣತಿಯಂತೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಮಾಯಾ ಜನ. ಒಂದೇ ಪರ್ವತಸಾಲಿನ ಎರಡು ದೇಶಗಳಲ್ಲಿ ಈ ಪರಿ ವ್ಯತ್ಯಾಸ ಬಂದದ್ದಕ್ಕೆ ಮೂರು ನೂರು ವರ್ಷಗಳ ನೀಲಿ ಒಂದು ಕಾರಣವಾದರೆ, 1932ರ ಭಯ ಇನ್ನೊಂದು. ಗಣತಿಯ ಅಂಕಿ ರಕ್ತವನ್ನು ಅಳೆಯುವುದಿಲ್ಲ, ಗಣತಿದಾರನ ಮುಂದೆ ಹೇಳಲು ಧೈರ್ಯವಾದ ಉತ್ತರವನ್ನು ಅಳೆಯುತ್ತದೆ.

ಇದೇ ಮಾರ್ತಿನೆಸ್ ಅದೇ 1932ರಲ್ಲಿ ಸಾಲ ವಸೂಲಿಗೆ ತಡೆಯಾಜ್ಞೆ ಹೊರಡಿಸಿದ, ಮುಂದೆ ಬೆಳೆಗಾರರಿಗೆ ಅಡಮಾನ ಬ್ಯಾಂಕನ್ನೂ ಮಾಡಿಸಿದ. ಉಳಿದಿದ್ದ ತೋಟಗಳು ಅದರಿಂದ ಉಳಿದವು. ಅಷ್ಟರಲ್ಲಿ ಬಹಳಷ್ಟು ಸಣ್ಣವರ ತೋಟಗಳು ಹೋಗಿಯಾಗಿತ್ತು. ಆತ ಇಳಿದದ್ದು 1944ರಲ್ಲಿ, ದೇಶವ್ಯಾಪಿ ಮುಷ್ಕರದಿಂದ.

ಕೃಷಿಯಲ್ಲಿ ಅವರ ಸಾಧನೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅವರು ನೆಚ್ಚಿದ ತಳಿ ಬೂರ್ಬಾನ್. 1949ರಲ್ಲಿ ಸಾಂತಾ ಆನಾ ಸೀಮೆಯಲ್ಲಿ ಪಕಾಸ್ ಮನೆತನದ ತೋಟದಲ್ಲಿ ಬೂರ್ಬಾನಿನ ನಡುವೆ ಒಂದು ಗಿಡ್ಡ ಗಿಡ ಕಂಡಿತು. ಅದೇ ಪಕಾಸ್ ತಳಿಯಾಯಿತು. ಅದನ್ನು ದಪ್ಪ ಬೀಜದ ಮಾರಗೊಜಿಪೆಯೊಡನೆ ಸಂಕರ ಮಾಡಿ ಪಕಮಾರಾ ಎಂಬ ತಳಿ ಮಾಡಿದರು, ಇಂದು ಅದಕ್ಕೆ ಒಳ್ಳೆಯ ಬೆಲೆಯಿದೆ. ಎಕರೆವಾರು ಇಳುವರಿಯಲ್ಲಿ 1970ರ ದಶಕದಲ್ಲಿ ಅವರು ಲೋಕಕ್ಕೇ ಮುಂದು. ಒಟ್ಟು ಬೆಳೆ ಅರವತ್ತು ಕೆ.ಜಿ.ಯ 30 ಲಕ್ಷ ಚೀಲ ದಾಟಿತ್ತು, ನಮ್ಮ ಇಡೀ ದೇಶದ ಅಂದಿನ ಬೆಳೆಗಿಂತ ಹೆಚ್ಚು.

ಆದರೆ ಜನ? 1950ರಲ್ಲಿ 18 ಲಕ್ಷವಿದ್ದವರು 1971ರಲ್ಲಿ 35 ಲಕ್ಷವಾದರು. ಇತ್ತ ಕರಾವಳಿಯ ಜೋಳದ ನೆಲಕ್ಕೆ ಹತ್ತಿ ಬಂದು ಗೇಣಿದಾರರನ್ನು ಎಬ್ಬಿಸಿತು. ನೆಲವಿಲ್ಲದ ಗ್ರಾಮೀಣ ಕುಟುಂಬಗಳು 1961ರಲ್ಲಿ ನೂರಕ್ಕೆ ಸುಮಾರು 12 ಇದ್ದವು, 1975ರಲ್ಲಿ ಸುಮಾರು 40. ಐದು ಪಟ್ಟು ದೊಡ್ಡದಾದ, ಜನ ವಿರಳವಾದ ಹೊಂಡುರಾಸಿಗೆ ಹೋಗಿ ನೆಲಸಿದವರೇ ಮೂರು ಲಕ್ಷದ ಹತ್ತಿರ. ಅಲ್ಲಿನ ಸರ್ಕಾರ ಭೂಸುಧಾರಣೆಯ ಹೆಸರಿನಲ್ಲಿ ಇವರನ್ನು ಹೊರಗಟ್ಟತೊಡಗಿದಾಗ 1969ರ ಜುಲೈಯಲ್ಲಿ ಎರಡು ದೇಶಗಳಿಗೂ ಯುದ್ಧವೇ ಆಯಿತು. ಅದಕ್ಕೆ ಒಂದು ತಿಂಗಳ ಮುಂಚೆ ವಿಶ್ವಕಪ್ ಅರ್ಹತೆಗಾಗಿ ಎರಡೂ ದೇಶ ಆಡಿದ್ದರಿಂದ ಪತ್ರಿಕೆಗಳು ಅದನ್ನು ಫುಟ್‌ಬಾಲ್ ಯುದ್ಧವೆಂದು ಕರೆದವು. ಓದುಗರು ನಕ್ಕಿರಬೇಕು. ಅದು ನೆಲದ ಯುದ್ಧ.

ಮುಂದಿನದು ಹತ್ತಿರದ ಚರಿತ್ರೆ. 1980ರ ಮಾರ್ಚಿನಲ್ಲಿ ಭೂಸುಧಾರಣೆ ಘೋಷಿಸಿದರು. 500 ಹೆಕ್ಟೇರಿಗೆ, ಎಂದರೆ ಸುಮಾರು 1,235 ಎಕರೆಗೆ ಮಿಕ್ಕ ಎಸ್ಟೇಟುಗಳನ್ನು ತೆಗೆದುಕೊಂಡು ಕೆಲಸಗಾರರ ಸಹಕಾರ ಸಂಘಗಳಿಗೆ ಕೊಟ್ಟರು. ಅದಕ್ಕಿಂತ ಕೆಳಗಿನ ಎರಡನೆಯ ಹಂತದಲ್ಲಿ ಕಾಫಿಯ ಬಹುಪಾಲು ದೊಡ್ಡ ತೋಟಗಳು ಬರುತ್ತಿದ್ದವು, ಆ ಹಂತ ಜಾರಿಗೇ ಬರಲಿಲ್ಲ. ನಮ್ಮ ರಾಜ್ಯದಲ್ಲೂ 1974ರ ತಿದ್ದುಪಡಿಯ ಭೂಸುಧಾರಣೆಯಲ್ಲಿ ಕಾಫಿ ತೋಟಗಳಿಗೆ ವಿನಾಯಿತಿ ಇದ್ದದ್ದನ್ನು ಹಿರಿಯ ಸದಸ್ಯರು ನೆನಪಿಸಿಕೊಳ್ಳಬಹುದು. ಹೊಸ ಸಂಘಗಳು ನೆಲದ ಬೆಲೆಯ ಸಾಲವನ್ನು ತಲೆಯ ಮೇಲೆ ಹೊತ್ತೇ ಹುಟ್ಟಿದವು. ಒಬ್ಬ ಸಂಘದ ಕಾರ್ಯದರ್ಶಿಯಾಗಿ ಹೇಳುತ್ತೇನೆ, ಮೊದಲ ದಿನವೇ ಸಾಲದ ಪುಸ್ತಕ ತೆರೆದ ಸಂಘಕ್ಕೆ ಲಾಭದ ಪುಸ್ತಕ ತೆರೆಯುವ ಭಾಗ್ಯ ಬರುವುದು ಅಪರೂಪ. ಅದೇ ವರ್ಷ ಕಾಫಿ ರಫ್ತನ್ನೆಲ್ಲ ಸರ್ಕಾರವೇ ವಹಿಸಿಕೊಂಡಿತು. ನಮ್ಮ ಕಾಫಿ ಬೋರ್ಡಿನ ಪೂಲ್ ಕಾಲದಲ್ಲಿ ನಾವು ಕೇಳುತ್ತಿದ್ದ ದೂರುಗಳನ್ನೇ, ಹಣ ತಡ, ಹಣ ಕಡಿಮೆ ಎಂದು, ಅವರೂ ಹೇಳಿದರು. ಅವರ ವ್ಯವಸ್ಥೆ 1989ರಲ್ಲಿ ಮುಗಿಯಿತು, ನಮ್ಮ ಪೂಲ್ 1996ರಲ್ಲಿ.

ಬಡವರ ಪರ ಮಾತಾಡುತ್ತಿದ್ದ ಆರ್ಚ್‌ಬಿಷಪ್ ಓಸ್ಕಾರ್ ರೊಮೇರೊ ಅವರನ್ನು 1980ರ ಮಾರ್ಚ್ 24ರಂದು ಪೂಜೆಯ ವೇಳೆಯಲ್ಲೇ ಗುಂಡಿಟ್ಟು ಕೊಂದರು. ಆಗ ಹೊತ್ತಿದ ಅಂತರ್ಯುದ್ಧ 1992ರ ಜನವರಿಯ ಒಪ್ಪಂದದವರೆಗೆ ಉರಿಯಿತು. ಎಡಪಂಥದ ಗೆರಿಲ್ಲಾಗಳು 1932ರ ಫರಾಬುಂದೊ ಮಾರ್ತಿಯ ಹೆಸರನ್ನೇ ಇಟ್ಟುಕೊಂಡಿದ್ದರು. ಸತ್ತವರು ಸುಮಾರು 75,000. ಊರು ಬಿಟ್ಟವರ ಸಂಖ್ಯೆ ಹತ್ತು ಲಕ್ಷದ ಆಸುಪಾಸು.

ಇಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾಲ್ವಡಾರ್ ಮೂಲದವರು ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ್ದಾರೆ. ದೇಶದಲ್ಲಿರುವ ಮೂವರಿಗೆ ಒಬ್ಬರು ಹೊರಗೆ ಎಂಬ ಲೆಕ್ಕ. ಅವರು ಮನೆಗೆ ಕಳಿಸುವ ಹಣ ರಾಷ್ಟ್ರದ ಆದಾಯದ ಐದನೆಯ ಒಂದು ಪಾಲಿಗೂ ಹೆಚ್ಚು. ಅದರ ಮುಂದೆ ಕಾಫಿಯ ವರಮಾನ ಕಣ್ಣಿಗೂ ಕಾಣದು. 2001ರಿಂದ ಅಮೆರಿಕದ ಡಾಲರನ್ನೇ ತಮ್ಮ ನಾಣ್ಯವಾಗಿ ಮಾಡಿಕೊಂಡಿದ್ದಾರೆ. ಹೋದವರಲ್ಲಿ ಗಂಡಸರೇ ಹೆಚ್ಚಾದ್ದರಿಂದ ಉಳಿದವರಲ್ಲಿ ಹೆಂಗಸರ ಸಂಖ್ಯೆ ಹೆಚ್ಚು. ಹೆರಿಗೆಯ ಪ್ರಮಾಣ ತಾಯಿಗೆ ಎರಡು ಮಕ್ಕಳಿಗಿಂತ ಕೆಳಗಿಳಿದಿದೆ. 1971ರಲ್ಲಿ ಜನ ಉಕ್ಕಿ ಹರಿಯುತ್ತಿದ್ದ ದೇಶ 2007ರಿಂದ 2024ರವರೆಗಿನ ಹದಿನೇಳು ವರ್ಷಗಳಲ್ಲಿ ಬೆಳೆದದ್ದು ಮೂರು ಲಕ್ಷವಷ್ಟೇ. ಲಾಸ್ ಏಂಜಲೀಸಿನ ಬೀದಿಗಳಲ್ಲಿ ಬೆಳೆದು ಗಡೀಪಾರಾಗಿ ಬಂದ ಹುಡುಗರು ಕಟ್ಟಿದ ಪುಂಡರ ಗುಂಪುಗಳು, 2022ರಿಂದ ತುರ್ತು ಪರಿಸ್ಥಿತಿಯ ಕಾನೂನಿನಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೆರೆಗೆ ಹಾಕಿದ್ದು, ಇವೆಲ್ಲ ಪತ್ರಿಕೆಗಳಲ್ಲಿ ಬರುವ ವಿಷಯ. ಕೊಲೆಗಳು ಬಹಳ ಕಡಿಮೆಯಾಗಿವೆ, ನಿರಪರಾಧಿಗಳೂ ಒಳಗೆ ಹೋಗಿದ್ದಾರೆ, ಎರಡೂ ನಿಜ. ಅಲ್ಲಿನ ಜನಸಮುದಾಯದಲ್ಲಿ ಪ್ಯಾಲೆಸ್ಟೈನ್ ಮೂಲದ ವ್ಯಾಪಾರಿ ಕುಟುಂಬಗಳೂ ಇವೆ. 2004ರ ಅಧ್ಯಕ್ಷ ಚುನಾವಣೆಯಲ್ಲಿ ಬಲ, ಎಡ ಎರಡೂ ಕಡೆಯ ಅಭ್ಯರ್ಥಿಗಳು ಆ ಮೂಲದವರೇ.

ಕಾಫಿಯ ಗತಿಯೇನು? ಯುದ್ಧಕಾಲದಲ್ಲಿ ಹೊಸ ಗಿಡ ಹಾಕಿದವರು ಕಡಿಮೆ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದು ದರ ನೆಲಕಚ್ಚಿತು. ಆ ಏಟು ನಮಗೂ ಬಿತ್ತು. ಎಲೆ ತುಕ್ಕು ರೋಗ ನಮ್ಮ ಸೀಮೆಗೆ ಬಂದು ನೂರೈವತ್ತು ವರ್ಷ ದಾಟಿತು. ಅದರಿಂದಲೇ ನಮ್ಮಲ್ಲಿ ಕೆಂಟ್ಸ್ ಬಂತು, ಬಾಳೆಹೊನ್ನೂರಿನ ಎಸ್. 795 ಬಂತು, ಬೋರ್ಡೊ ಸಿಂಪಡಿಸುವ ರೂಢಿ ಬಂತು. ಅವರಿಗೆ ತುಕ್ಕು ಮುಟ್ಟಿದ್ದು 1979ರಲ್ಲಿ. ದಶಕಗಳ ಕಾಲ ಹೆಚ್ಚು ಹಾನಿ ಮಾಡದ ರೋಗವನ್ನು ಅವರು ಲಘುವಾಗಿ ಕಂಡರು. ಮುದಿ ಬೂರ್ಬಾನ್ ಗಿಡಗಳ ಮೇಲೆ ಅದು 2012-13ರಲ್ಲಿ ಎರಗಿದಾಗ ಮರುವರ್ಷದ ಬೆಳೆ ಅರ್ಧಕ್ಕಿಂತ ಕೆಳಗಿಳಿಯಿತು. ಈಚಿನ ವರ್ಷಗಳಲ್ಲಿ ಐದಾರು ಲಕ್ಷ ಚೀಲದ ಆಸುಪಾಸಿನಲ್ಲೇ ನಿಂತಿದೆ. ಕೊಯ್ಯಲು ಬರುವವರು ವಯಸ್ಸಾದವರು. ಮಗ ಲಾಸ್ ಏಂಜಲೀಸಿನಿಂದ ತಿಂಗಳಿಗೆ ಕಳಿಸುವ ಹಣ ಕೊಯ್ಲಿನ ಕೂಲಿಗಿಂತ ಹೆಚ್ಚಿರುವಾಗ ಬುಟ್ಟಿ ಕಟ್ಟಿಕೊಂಡು ಇಳಿಜಾರು ಹತ್ತುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಸಂಘದ ಮಹಾಸಭೆಯಲ್ಲಿ ಬೇರೆ ಊರಿನ ಹೆಸರು ಹಾಕಿ ಕೇಳಿದವರೂ ಇದ್ದಾರೆ.

ಮರೆಯಬಾರದ ಇನ್ನೊಂದು ಸುದ್ದಿ. 2014ರಲ್ಲಿ ಅವರ ಸಂವಿಧಾನಕ್ಕೆ ತಿದ್ದುಪಡಿ ತಂದು ಮೂಲ ಜನರನ್ನು ಒಪ್ಪಿಕೊಂಡರು. ನಾವಾತ್ ಆಡಬಲ್ಲವರು ಈಗ ಕೆಲವೇ ನೂರು ಮಂದಿ, ಎಲ್ಲರೂ ಮುದುಕರು. ಸಾಂತೊ ದೊಮಿಂಗೊ ದೆ ಗುಸ್ಮಾನ್ ಎಂಬ ಊರಿನಲ್ಲಿ 2010ರಿಂದ ಒಂದು ಶಿಶುವಿಹಾರ ನಡೆಯುತ್ತಿದೆ. ಅಲ್ಲಿ ಪಾಠ ಹೇಳುವವರು ಭಾಷೆ ಬಲ್ಲ ಅಜ್ಜಿಯರು.

ಕೋಸ್ಟರಿಕಾ ಇದೇ ಕಾಫಿಯನ್ನು ಬೆಳೆದೂ ಬೇರೆ ದಾರಿ ಹಿಡಿಯಿತು. ಕಾರ್ಖಾನೆಯವನು ಸಣ್ಣ ಬೆಳೆಗಾರನಿಗೆ ಎಷ್ಟು ಕೊಡಬೇಕೆಂಬುದನ್ನು ಅಲ್ಲಿ 1933ರಲ್ಲೇ ಕಾನೂನಿನ ಹತೋಟಿಗೆ ತಂದರು. ಆ ವಿವರ ಮುಂದಿನ ಸಂಚಿಕೆಗೆ.